ಪೆನ್ನಿನಲ್ಲಿ ಬರೆದ ಕೋಡಿ

ನೆನೆದ ರಾಗಿ ಹಿಟ್ಟು ಒಂದೇ ದಿನದಲ್ಲಿ ಹುಳಿಯುತ್ತದೆ. ಮೂರನೇ ದಿನಕ್ಕೆ ಅದರ ಹತ್ತಿರ ನಿಲ್ಲಲು ಆಗುವುದಿಲ್ಲ. ಕಳೆದ ವಾರ, ನನ್ನ ಹಳೆಯ ವಿಳಾಸಕ್ಕೆ ಬಂದಿದ್ದ ಬ್ಯಾಂಕಿನ ಕಾಗದವೊಂದನ್ನು ತರಲು ಇಟ್ಟಮಡುವಿಗೆ ಹೋದಾಗ, ಬೀದಿಯ ತಿರುವಿನಲ್ಲೇ ಆ ವಾಸನೆ ಮೂಗಿಗೆ ಬಡಿಯಿತು. ಎರಡು ದಿನದ ಹಿಂದೆ ಜೋರು ಮಳೆಯಾಗಿತ್ತು. ಆಟೋದವನು ಮೂಗು ಮುಚ್ಚಿಕೊಂಡು, "ಏನೋ ಸತ್ತಿದೆ ಸಾರ್ ಇಲ್ಲಿ" ಎಂದ. ಸತ್ತದ್ದೇನೂ ಅಲ್ಲ, ಹಿಟ್ಟು ಎಂದು ನನಗೆ ಗೊತ್ತಿತ್ತು. ಆ ಬೀದಿಯ ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ನಾನು ಆರು ವರ್ಷ ಬಾಡಿಗೆಗಿದ್ದೆ. ಮೊದಲ ಐದು ವರ್ಷ ಚೆನ್ನಾಗಿಯೇ ಕಳೆದವು. ಆರನೆಯ ವರ್ಷದ ಮಳೆಗಾಲವನ್ನು ಮಾತ್ರ ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುವವನು. ಅದರ ಜೊತೆಗೆ ಭಾನುವಾರದ ಪುರವಣಿಗೆ ಪದಬಂಧ ಮಾಡಿಕೊಡುತ್ತಿದ್ದೆ. ಪ್ರತಿ ವಾರ ಒಂದೊಂದು ವಿಷಯ: ಒಂದು ವಾರ ಅಡುಗೆಮನೆ, ಒಂದು ವಾರ ಹಕ್ಕಿಗಳು, ಇನ್ನೊಂದು ವಾರ ಒಡವೆಗಳು. ಕೆಳಗೆ ಹೆಸರು ಇರುತ್ತಿರಲಿಲ್ಲ. ಪದಬಂಧ ಮಾಡುವವನು ಯಾರೆಂದು ಅವನ ಮನೆಯವರಿಗೂ ತಿಳಿಯಬಾರದು ಎಂಬುದು ನಮ್ಮ ಕಚೇರಿಯ ಹಳೆಯ ಕಟ್ಟುಪಾಡು. ನನಗೆ ಮನೆಯವರೇ ಇರಲಿಲ್ಲವಾದ್ದರಿಂದ ಅದನ್ನು ಪಾಲಿಸುವುದು ಕಷ್ಟವೇನೂ ಆಗಿರಲಿಲ್ಲ. ನಿಜ ಹೇಳಬೇಕೆಂದರೆ ಆ ಗುಟ್ಟಿನಿಂದ ನನಗೊಂದು ಜಂಬ ಬಂದಿತ್ತು. ಬಸ್ಸಿನಲ್ಲಿ ಯಾರಾದರೂ ಪುರವಣಿ ಮಡಿಚಿಕೊಂಡು ಪೆನ್ಸಿಲ್ ಕಚ್ಚುತ್ತ ಕೂತಿದ್ದರೆ, ಅವರ ಪಕ್ಕದಲ್ಲೇ ನಿಂತು ಏನೂ ಗೊತ್ತಿಲ್ಲದವನಂತೆ ಹೊರಗೆ ನೋಡುತ್ತಿದ್ದೆ.

ಮನೆಯ ಯಜಮಾನರು ಮುನಿಶಾಮಪ್ಪ. ಬಡಾವಣೆ ಆಗುವ ಮೊದಲು ಅಲ್ಲಿದ್ದ ಹಳ್ಳಿಯವರು. ಹೊಲಗದ್ದೆಗಳೆಲ್ಲ ಸೈಟುಗಳಾದ ಮೇಲೆ ಉಳಿದ ಜಾಗದಲ್ಲಿ ಮನೆ ಕಟ್ಟಿಸಿ, ಕೆಳಗೆ ಗಿರಣಿ ಇಟ್ಟಿದ್ದರು. ಗಿರಣಿಯನ್ನು ನಡೆಸುತ್ತಿದ್ದವಳು ಅವರ ಮಗಳು ಸವಿತಾ. ಮುನಿಶಾಮಪ್ಪನವರ ತಂದೆ, ತಾತ ಎಲ್ಲರೂ ಊರಿನ ನೀರುಗಂಟಿಗಳು. ಅಂದರೆ ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ನೋಡಿಕೊಳ್ಳುವವರು. ಇವರೂ ಹುಡುಗರಾಗಿದ್ದಾಗ ತಂದೆಯ ಜೊತೆ ಆ ಕೆಲಸಕ್ಕೆ ಹೋಗಿದ್ದವರೇ. ಆ ಕೆರೆ ಈಗಲೂ ಬೀದಿಯ ಮೇಲ್ಗಡೆ ಇದೆ, ಅರ್ಧಕ್ಕರ್ಧ. ಜಯನಗರದಲ್ಲಿ ಹುಟ್ಟಿ ಬೆಳೆದ ನನಗೆ ಕೆರೆ ಎಂದರೆ ಬೆಳಗ್ಗೆ ಸುತ್ತು ಹಾಕುವ ಜಾಗ, ಗೇಟಿನಲ್ಲಿ ಎಳನೀರು, ಸಂಜೆಯಾದರೆ ಸೊಳ್ಳೆ.

ಆ ವರ್ಷದ ಬೇಸಿಗೆಯ ಕೊನೆಯಲ್ಲಿ ಮುನಿಶಾಮಪ್ಪ ಒಂದೆರಡು ಸಲ ಗಿರಣಿಯನ್ನು ಖಾಲಿ ಓಡಲು ಬಿಟ್ಟು ಎದ್ದು ಹೋದರು. ಒಮ್ಮೆ ಅಂಗಡಿಗೆ ಹೋದವರು ಏನು ತರಲು ಬಂದೆನೆಂದು ಮರೆತು ಅರ್ಧ ಗಂಟೆ ಅಲ್ಲೇ ನಿಂತಿದ್ದರಂತೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, ತಲೆಗೆ ಕೆಲಸ ಕೊಡಿ, ಪದಬಂಧ ಬಿಡಿಸಿ ಎಂದರು. ಅಲ್ಲಿಂದ ಪ್ರತಿ ಭಾನುವಾರ ಹತ್ತು ಗಂಟೆಗೆ ಅವರು ಪುರವಣಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಪೂರ್ತಿ ಮೇಲೆ ಬರುತ್ತಿರಲಿಲ್ಲ. ತಿರುವಿನ ಮೆಟ್ಟಿಲ ಮೇಲೆ ಗೋಣಿಚೀಲ ಮಡಿಸಿ ಹಾಕಿಕೊಂಡು ಕೂತು, "ಸಾರ್, ಏಳನೇದು ಅಡ್ಡ" ಎಂದು ಕೂಗುತ್ತಿದ್ದರು. ನಾನು ಕಾಫಿ ಹಿಡಿದು ಬಂದು ಒಂದು ಮೆಟ್ಟಿಲು ಮೇಲೆ ಕೂರುತ್ತಿದ್ದೆ.

ಅವರದೊಂದು ನಿಯಮವಿತ್ತು. ಉತ್ತರ ಹೇಳಬಾರದು, ಸುಳಿವು ಹೇಗೆ ಕೆಲಸ ಮಾಡುತ್ತದೆ ಎಂದು ಬಿಡಿಸಿ ಹೇಳಬೇಕು. ಅದು ಅವರ ಮನಸ್ಸಿಗೆ ಒಪ್ಪಿದರೆ ಮಾತ್ರ ಬರೆಯುವುದು, ಅದೂ ಪೆನ್ಸಿಲಿನಲ್ಲಿ. ಒಪ್ಪದಿದ್ದರೆ ಉತ್ತರ ಗೊತ್ತಿದ್ದರೂ ಖಾಲಿ ಬಿಡುತ್ತಿದ್ದರು.

ಒಮ್ಮೆ ‘ತಿರುಗಿ ಹರಿದ ನದಿ ಇಪ್ಪತ್ತನಾಲ್ಕು ಗಂಟೆ’ ಎಂದು ಕೊಟ್ಟಿದ್ದೆ.

"ತಿರುಗಿ ಅಂದಿದಾರಲ್ಲ, ನದಿ ಅನ್ನೋ ಪದಾನ ಹಿಂದಿನಿಂದ ಓದಿ" ಎಂದೆ.

"ದಿ... ನ. ದಿನ." ಪೆನ್ಸಿಲ್ ಎತ್ತಿದವರು ಬರೆಯಲಿಲ್ಲ. "ಅದೆಲ್ಲಾ ಸರಿ. ಆದ್ರೆ ನದಿ ಅದೆಂಗೆ ತಿರುಗಿ ಹರೀತದೆ ಸಾರ್? ನೀರು ಮೇಲಕ್ಕೆ ಹತ್ತಲ್ಲ."

"ಇದು ಪದದ ಆಟ ಅಷ್ಟೇ ಮುನಿಶಾಮಪ್ಪನೋರೆ."

"ಆಟ ಆಡೋರು ಬೇರೆ ಏನನ್ನಾದ್ರೂ ಇಟ್ಕಂಡು ಆಡ್ಲಿ. ನೀರಿನ ಬಗ್ಗೆ ಸುಳ್ಳು ಬರೀಬಾರ್ದು."

ಆ ಎರಡು ಮನೆಗಳನ್ನು ಅವರು ತುಂಬಲೇ ಇಲ್ಲ. ನನಗೆ ಸಿಟ್ಟು ಬಂತು. ಆ ಸುಳಿವು ಮಾಡಿದ ದಿನ ನಾನು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಹೀಗೆ ಆಷಾಢ ಕಳೆಯಿತು. ಮಳೆ ಹಿಡಿದರೆ ಮೆಟ್ಟಿಲಿಗೆ ಎರಚಲು ಹೊಡೆಯುತ್ತಿತ್ತು, ಇಬ್ಬರೂ ಗೋಡೆಗೆ ಒತ್ತಿ ಕೂರುತ್ತಿದ್ದೆವು. ಪದಬಂಧದಲ್ಲಿ ಮೂರು ಸುಳಿವು ಬಿಡಿಸಿದರೆ ನಡುವೆ ಅರ್ಧ ಗಂಟೆ ಕೆರೆಯ ಮಾತು. ಏರಿಯ ಮೇಲೆ ಎಲ್ಲಿ ಆಲದ ಮರವಿತ್ತು, ಬೇಸಿಗೆಯಲ್ಲಿ ಹೂಳು ಎತ್ತಲು ಮನೆಗೊಬ್ಬರು ಹೇಗೆ ಬರುತ್ತಿದ್ದರು, ತೂಬಿನೊಳಗೆ ಇಳಿಯುವಾಗ ಅವರಪ್ಪ ಸೊಂಟಕ್ಕೆ ಹಗ್ಗ ಕಟ್ಟಿ ತುದಿಯನ್ನು ಮಗನ ಕೈಗೆ ಹೇಗೆ ಕೊಡುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಅರ್ಧ ಕೇಳಿಸಿಕೊಳ್ಳುತ್ತಿದ್ದೆ, ಇನ್ನರ್ಧ ತಲೆ ಮುಂದಿನ ವಾರದ ಚೌಕಗಳಲ್ಲಿ ಇರುತ್ತಿತ್ತು. ಒಳ್ಳೆಯ ಪದ ಕಿವಿಗೆ ಬಿದ್ದರೆ ಒಳಗೆ ಹೋಗಿ ಗುರುತು ಹಾಕಿಕೊಳ್ಳುತ್ತಿದ್ದೆ. ಅವರಿಗೆ ವಾರವಾರವೂ ಕಡಿಮೆ ಪದಗಳು ಹೊಳೆಯತೊಡಗಿದ್ದವು. ಶ್ರಾವಣದ ಮೊದಲ ಭಾನುವಾರ ಪೆನ್ಸಿಲ್ ಕೆಳಗಿಟ್ಟು, "ಹೋಗ್ತಾ ಐತೆ ಸಾರ್, ಒಂದೊಂದಾಗಿ ಎಲ್ಲಾ ಹೋಗ್ತಾ ಐತೆ. ಮೊನ್ನೆ ನಮ್ಮಕ್ಕನ ಹೆಸರು ನೆನಪಾಗಲಿಲ್ಲ" ಎಂದರು. ಅವರ ಕಣ್ಣಿನಲ್ಲಿ ಹೆದರಿಕೆ ಇತ್ತು.

ಅವತ್ತೇ ಕೂತು ನಾನು ಕೆರೆಯ ಪದಬಂಧ ಮಾಡಿದೆ. ಒಂದಾದರೂ ವಾರ ಅವರು ಯಾರನ್ನೂ ಕೇಳದೆ ಪೂರ್ತಿ ತುಂಬಲಿ ಎಂಬುದೊಂದೇ ನನ್ನ ಆಸೆ. ಅವರ ಬಾಯಿಂದ ಬಂದ ಪದಗಳನ್ನೇ ಜೋಡಿಸಿದೆ. ‘ಕೆರೆಗೆ ಕಟ್ಟಿದ ದಂಡೆ, ಹತ್ತಿ ಎಂದರೂ ಇದೇ’ ಅಂದರೆ ಏರಿ. ‘ಕೆರೆ ಕೆಳಗಿನ ಗದ್ದೆಬಯಲು, ನೀಟಾಗಿದ್ದರೂ ಹೀಗೆನ್ನುತ್ತಾರೆ’ ಅಂದರೆ ಅಚ್ಚುಕಟ್ಟು. ‘ಗದ್ದೆಗಳಿಗೆ ನೀರು ಹಂಚುವವನು’ ಅಂದರೆ ನೀರುಗಂಟಿ. ಅದನ್ನು ಸರಿಯಾಗಿ ನಡುವಿನ ಸಾಲಿಗೆ ತಂದು ಕೂರಿಸಿದೆ. ಮೇಲಿನ ಮೂಲೆಯಲ್ಲಿ ಎರಡು ಮನೆ ಉಳಿದವು. ‘ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಹೋಗುವ ದಾರಿ’ ಎಂದು ಬರೆದು ತೂಬು ಎಂದು ಹಾಕಿದೆ. ಅದರ ಮೊದಲ ಅಕ್ಷರದಿಂದ ಕೆಳಕ್ಕೆ ‘ಕೂತಲ್ಲೇ ಬರುವ ನಿದ್ದೆ’, ತೂಕಡಿಕೆ. ಹತ್ತು ನಿಮಿಷದಲ್ಲಿ ಮುಗಿಯಿತು. ನಿಘಂಟು ತೆಗೆದು ನೋಡಲಿಲ್ಲ.

ಅದು ಅಚ್ಚಾಗಿ ಬಂದ ಭಾನುವಾರ ಹತ್ತು ಗಂಟೆಗೆ ಕೂಗು ಕೇಳಿಸಲಿಲ್ಲ. ಹನ್ನೊಂದಕ್ಕೆ ಮುನಿಶಾಮಪ್ಪ ಮೆಟ್ಟಿಲು ಪೂರ್ತಿ ಹತ್ತಿ ನನ್ನ ಬಾಗಿಲಿಗೇ ಬಂದರು. ಮುಖ ಅರಳಿತ್ತು. ಹಾಳೆ ತುಂಬ ಅವರ ದಪ್ಪ ಅಕ್ಷರ, ಮೊದಲ ಸಲ ಪೆನ್ನಿನಲ್ಲಿ.

"ನೋಡಿ ಸಾರ್, ಒಂದ್ನೂ ಕೇಳಿಲ್ಲ. ಎಲ್ಲಾ ನಂದೇ. ಒಂದು ಮಾತ್ರ ಕೂರ್ತಿಲ್ಲ. ಕೂತಲ್ಲೇ ಬರೋ ನಿದ್ದೆ, ನಾಲ್ಕಕ್ಷರ. ತೂಕಡಿಕೆ ಅಂತ ಬಾಯಿಗೆ ಬರ್ತದೆ, ಆದ್ರೆ ‘ಕೋ’ ಇಂದ ಶುರುವಾಗ್ಬೇಕಲ್ಲ, ಮೂಲೇಲಿ ಕೋಡಿ ಐತೆ."

ನಾನು ಹಾಳೆ ನೋಡಿದೆ. "ಕೋಡಿ ಯಾಕೆ? ತೂಬು ಆಗಲ್ವಾ?"

ಅವರು ನಕ್ಕುಬಿಟ್ಟರು. ಅಲ್ಲಿಯವರೆಗೆ ಸುಳಿವು ಬಿಡಿಸಿ ಹೇಳುತ್ತಿದ್ದವನು ನಾನು. ಅವತ್ತು ಅವರು ನನ್ನ ಮೇಜಿನ ಮೇಲಿದ್ದ ಊಟದ ತಟ್ಟೆಯನ್ನೇ ಎಳೆದುಕೊಂಡು ಹೇಳಿದರು. "ಇದು ಕೆರೆ. ಇದು ಏರಿ. ತೂಬು ಇಲ್ಲಿ, ಏರಿ ಕೆಳಗೆ, ತಳದಲ್ಲಿ. ಅದನ್ನ ನಾವು ಎತ್ತಬೇಕು, ಎತ್ತಿದ್ರೆ ಗದ್ದೆಗೆ ನೀರು. ಕೆರೆ ತುಂಬ್ತು ಅಂತ ತೂಬು ತಾನಾಗಿ ಬಿಟ್ಕಳಲ್ಲ. ಹೆಚ್ಚಾಗಿದ್ದು ಹೋಗೋದು ಇಲ್ಲಿ, ಏರಿ ಕೊನೇಲಿ. ಅಲ್ಲಿ ಏರೀನ ತಗ್ಗು ಮಾಡಿ ಕಲ್ಲು ಹಾಸಿರ್ತಾರೆ. ಅದು ಕೋಡಿ. ಯಾರ ಅಪ್ಪಣೇನೂ ಬೇಕಿಲ್ಲ, ತುಂಬಿದ್ರೆ ಉಕ್ಕಿ ಹೋಗ್ತದೆ."

ಅವರು ಹೇಳಿದ್ದು ಮಗುವಿಗೂ ಅರ್ಥವಾಗುವಂತಿತ್ತು. ತಪ್ಪು ನನ್ನದೆಂದು ಅವರು ತಟ್ಟೆಯ ಅಂಚು ಮುಟ್ಟಿದಾಗಲೇ ನನಗೆ ತಿಳಿಯಿತು. ಆಗ ಹೇಳಬೇಕಿತ್ತು. ‘ಇದನ್ನು ಮಾಡಿದವನು ನಾನು, ತಪ್ಪು ಮಾಡಿದ್ದೇನೆ’ ಎಂದು ಅಷ್ಟೇ ಹೇಳಬೇಕಿತ್ತು. ನಾನು ಹೇಳಿದ್ದು, "ಮುಂದಿನ ವಾರ ಉತ್ತರ ಬರುತ್ತಲ್ಲ, ನೋಡೋಣ."

ಉತ್ತರ ಇನ್ನೂ ಅಚ್ಚಿಗೆ ಹೋಗಿರಲಿಲ್ಲ. ತಿದ್ದಲು ಐದು ದಿನ ಸಮಯವಿತ್ತು. ಆದರೆ ಹಿಂದಿನ ತಿಂಗಳು ಹಕ್ಕಿಗಳ ಪದಬಂಧದಲ್ಲಿ ಒಂದು ತಪ್ಪಾಗಿ, ಪುರವಣಿಯ ಸಂಪಾದಕರು, "ಇನ್ನೊಂದು ಸಲ ತಿದ್ದುಪಡಿ ಹಾಕೋ ಹಾಗಾದ್ರೆ ಆ ಜಾಗಕ್ಕೆ ರಾಶಿಭವಿಷ್ಯ ಹಾಕ್ತೀನಿ ನೋಡಿ" ಎಂದಿದ್ದರು. ಓದುಗರು ಆಕ್ಷೇಪಿಸಿ ಬರೆದರೆ ಮಾತ್ರ ತಿದ್ದುಪಡಿ ಎಂಬುದು ನಮ್ಮಲ್ಲಿ ವಾಡಿಕೆ. ಯಾರಾದರೂ ಬರೆಯಲಿ ಎಂದು ಕಾದೆ. ಆ ವಾರ ಓದುಗರಿಂದ ಬಂದ ಉತ್ತರಗಳನ್ನೆಲ್ಲ ನಾನೇ ತೆರೆದು ನೋಡಿದೆ. ಎಲ್ಲರೂ ತೂಬು ಎಂದೇ ಬರೆದಿದ್ದರು. ಇಷ್ಟು ದೊಡ್ಡ ಊರಿನಲ್ಲಿ ಕೋಡಿ ಎಂದು ಬರೆದವರು ನನ್ನ ಮನೆ ಯಜಮಾನರೊಬ್ಬರೇ, ಅವರಿಗೋ ಉತ್ತರ ಕಳಿಸುವ ಅಭ್ಯಾಸವೇ ಇರಲಿಲ್ಲ. ನನ್ನ ಜಾಗ ಉಳಿಯಿತೆಂದು ಸಮಾಧಾನವಾಯಿತು. ಆ ಸಮಾಧಾನವನ್ನು ನೆನೆದರೆ ಈಗ ಮೈ ಮುದುಡುತ್ತದೆ.

ಮುಂದಿನ ಭಾನುವಾರ ಅವರು ತಿರುವಿನ ಮೆಟ್ಟಿಲಿಗೆ ಬಂದು ಕೂತರು. ಕೂಗಲಿಲ್ಲ. ನಾನೇ ಇಳಿದು ಹೋದೆ. ತೊಡೆಯ ಮೇಲೆ ಹೊಸ ಪುರವಣಿ, ಅದರ ಮೇಲೆ ಹಳೆಯದು.

"ತೂಬು ಅಂತೆ ಸಾರ್."

"ಪೇಪರ್‌ನೋರೂ ತಪ್ಪು ಮಾಡ್ತಾರೆ ಮುನಿಶಾಮಪ್ಪನೋರೆ" ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು.

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಇಲ್ಲ ಬಿಡಿ. ನಂದೇ ಹೋಗಿರೋದು" ಎಂದು ಎದ್ದರು. ಗೋಣಿಚೀಲವನ್ನೂ ಮಡಿಸಿಕೊಂಡು ಹೋದರು.

ಅದಾದ ಹತ್ತು ದಿನಕ್ಕೆ ಸರ್ವೆಯವರು ಬಂದರು. ಮಳೆ ಬಂದರೆ ನಮ್ಮ ಬೀದಿಯಲ್ಲಿ ನೀರು ನಿಲ್ಲುತ್ತದೆಂದು ಜನ ಅರ್ಜಿ ಕೊಟ್ಟಿದ್ದರು. ಕೆರೆಯ ಹೆಚ್ಚಿನ ನೀರು ಹಿಂದೆ ಯಾವ ಕಡೆಯಿಂದ ಇಳಿಯುತ್ತಿತ್ತೋ ಅಲ್ಲಿ ಮುಚ್ಚಿಹೋದ ಕಾಲುವೆಯನ್ನು ತೆರೆಯಬೇಕು. ಹಳೆಯ ನಕ್ಷೆಯಲ್ಲಿ ಆ ಭಾಗಕ್ಕೆ ಮಸಿ ಹರಡಿ ಏನೂ ಕಾಣುತ್ತಿರಲಿಲ್ಲ. ನೀರುಗಂಟಿ ಮನೆಯವರು ಇದ್ದಾರೆಂದು ಯಾರೋ ಹೇಳಿ, ಅವರಲ್ಲೊಬ್ಬ ಅಧಿಕಾರಿ ಗಿರಣಿಯ ಮುಂದೆ ನಿಂತು ಮರ್ಯಾದೆಯಿಂದಲೇ ಕೇಳಿದರು, "ಯಜಮಾನ್ರೇ, ಕೋಡಿ ಎಲ್ಲಿತ್ತು ಅಂತ ಸ್ವಲ್ಪ ತೋರಿಸ್ತೀರಾ?"

ನಾನು ಕಚೇರಿಗೆ ಹೊರಟು ಮೆಟ್ಟಿಲ ಬುಡದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಮುನಿಶಾಮಪ್ಪ ಒಂದು ಕ್ಷಣ ಗಿರಣಿಯ ಹಿಂದಿನ ದಿಕ್ಕಿಗೆ ಕೈ ಎತ್ತಿದರು. ಎತ್ತಿದ ಕೈಯನ್ನು ಹಾಗೇ ಇಳಿಸಿದರು.

"ನಂಗೆ ನೆನಪಿಲ್ಲ ಸ್ವಾಮಿ."

"ಅಪ್ಪಾ, ದಿನಾ ಹೇಳ್ತಿದ್ಯಲ್ಲ!" ಎಂದಳು ಸವಿತಾ.

"ಹೇಳ್ತಿದ್ದೆ. ನೀರು ತೂಬಲ್ಲಿ ಹೋಗ್ತದೋ ಕೋಡೀಲಿ ಹೋಗ್ತದೋ ಅನ್ನೋದೇ ನನ್ನ ತಲೇಲಿ ಕಲಸೋಗಿದೆ ಕಣಮ್ಮ. ನಾನು ತಪ್ಪು ತೋರ್ಸಿ ಯಾರ್ದಾದ್ರೂ ಮನೆ ಒಡೆದ್ರೆ ಆ ಪಾಪ ಯಾರಿಗೆ?"

ನಾನು ಚಪ್ಪಲಿಯ ಪಟ್ಟಿ ಹಾಕಿ ಮುಗಿಸಿದೆ. ಬಾಯಿ ಬಿಟ್ಟು ನಾಲ್ಕು ಮಾತು ಆಡಿದ್ದರೆ ಆ ಕೈ ಮತ್ತೆ ಮೇಲೇಳುತ್ತಿತ್ತು. ಬಸ್ಸಿಗೆ ಹೊತ್ತಾಯಿತೆಂದು ನನಗೆ ನಾನೇ ಹೇಳಿಕೊಂಡು ನಡೆದುಬಿಟ್ಟೆ. ಸಂಜೆ ಬಂದಾಗ ಏರಿಯ ನಡುಭಾಗದ ಕೆಳಗೆ, ಇನ್ಯಾರೋ ತೋರಿಸಿದ ಕಡೆ ಅಗೆಯಲು ಗುರುತು ಹಾಕಿದ್ದರು. ಅದು ತೂಬಿನ ಜಾಗ.

ಗೌರಿ ಹಬ್ಬದ ಹಿಂದಿನ ದಿನ ಮಧ್ಯಾಹ್ನ ಮೋಡ ಕಟ್ಟಿ, ದೀಪ ಹಾಕಿಕೊಳ್ಳುವಷ್ಟು ಕತ್ತಲಾಯಿತು. ಎರಡು ಗಂಟೆ ಬಿಡದೆ ಸುರಿಯಿತು. ತೂಬಿನ ಕೆಳಗೆ ಅಗೆದಿದ್ದ ಹೊಸ ಚರಂಡಿಗೆ ಕೆರೆಯ ನೀರು ಬರಲೇ ಇಲ್ಲ. ನೀರು ಬಂದದ್ದು ಗಿರಣಿಯ ಹಿಂದಿನಿಂದ, ಅವರು ಕೈ ಎತ್ತಿದ್ದ ದಿಕ್ಕಿನಿಂದ. ಹಿಂಬಾಗಿಲನ್ನು ತಳ್ಳಿಕೊಂಡು ಒಳಗೆ ನುಗ್ಗಿ, ಮೋಟಾರು ಮುಳುಗಿ, ಹಬ್ಬಕ್ಕೆಂದು ಬೀದಿಯವರೆಲ್ಲ ಬೀಸಲು ಕೊಟ್ಟಿದ್ದ ಡಬ್ಬಗಳು ತೇಲಿದವು. ರಾಗಿ ಚೀಲಗಳು ನೀರು ಕುಡಿದು ಎತ್ತಲು ಬಾರದಂತಾದವು. ನಾನೂ ಸವಿತಾಳೂ ಮೊಣಕಾಲು ನೀರಿನಲ್ಲಿ ನಿಂತು ಕೈಗೆ ಸಿಕ್ಕಿದ್ದನ್ನು ಮೆಟ್ಟಿಲ ಮೇಲಿಟ್ಟೆವು. ಮುನಿಶಾಮಪ್ಪ ತಮ್ಮ ತಿರುವಿನ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ನಾನು ಡಬ್ಬ ಹಿಡಿದು ಅವರನ್ನು ದಾಟುವಾಗ ಪಂಚೆಯ ಅಂಚು ಹಿಡಿದು ನಿಲ್ಲಿಸಿದರು.

"ಎಲ್ಲಿಂದ ಬಂತು ಸಾರ್ ಈ ನೀರು?"

ಆ ಊರಿನ ನೀರೆಲ್ಲದರ ದಾರಿ ಗೊತ್ತಿದ್ದ ಮನುಷ್ಯ ನನ್ನನ್ನು ಕೇಳುತ್ತಿದ್ದರು. "ಮಳೆ ಜಾಸ್ತಿ ಆಯ್ತು" ಎಂದೆ.

ಅಲ್ಲಿಂದ ಅವರ ನೆನಪು ಬೇಗ ಬೇಗ ಇಳಿಯಿತು. ಪೆನ್ಸಿಲ್ ಮುಟ್ಟಲಿಲ್ಲ. ದೀಪಾವಳಿಯ ಹೊತ್ತಿಗೆ ನನ್ನನ್ನು ‘ಮೇಸ್ಟ್ರೇ’ ಎಂದು ಕರೆಯತೊಡಗಿದರು, ಯಾವ ಮೇಷ್ಟರೋ ತಿಳಿಯದು. ವರ್ಷ ತಿರುಗುವ ಮೊದಲು ನಾನು ಜೆ.ಪಿ. ನಗರಕ್ಕೆ ಮನೆ ಬದಲಾಯಿಸಿದೆ. ಕಚೇರಿಗೆ ಹತ್ತಿರ ಎಂದು ಹೇಳಿದೆ, ಹತ್ತಿರವೇನೂ ಇರಲಿಲ್ಲ. ಪದಬಂಧದ ಜಾಗಕ್ಕೆ ಆ ಯುಗಾದಿಯಿಂದಲೇ ರಾಶಿಭವಿಷ್ಯ ಬಂತು, ಯಾವ ತಪ್ಪೂ ಆಗದೆಯೇ. ಮುನಿಶಾಮಪ್ಪ ತೀರಿಕೊಂಡ ಸುದ್ದಿ ತಿಂಗಳು ತಡವಾಗಿ ತಿಳಿಯಿತು. ತಿಳಿದ ಮೇಲೂ ಹೋಗಲಿಲ್ಲ.

ಕಳೆದ ವಾರ ಸವಿತಾ ಬಾಗಿಲಲ್ಲೇ ನಗುತ್ತ ನಿಂತಿದ್ದಳು. ತಲೆಗೂದಲು ಅರ್ಧ ನರೆತಿತ್ತು, ಉಳಿದದ್ದಕ್ಕೆ ಹಿಟ್ಟು ಹತ್ತಿತ್ತು. "ಬನ್ನಿ ಸಾರ್, ವಾಸನೆ ಸ್ವಲ್ಪ ಸಹಿಸ್ಕೊಳ್ಳಿ. ಪ್ರತಿ ವರ್ಷ ಇದ್ದಿದ್ದೇ, ಹಿಂದಿನಿಂದ ನುಗ್ಗುತ್ತೆ." ಬ್ಯಾಂಕಿನ ಕಾಗದ ಕೊಟ್ಟಳು, ಕಾಫಿ ಕೊಟ್ಟಳು. ಆಮೇಲೆ ಒಳಗಿನಿಂದ ದಾರ ಕಟ್ಟಿದ ಪುರವಣಿಗಳ ಕಟ್ಟೊಂದನ್ನು ತಂದಿಟ್ಟಳು. "ಅಪ್ಪ ಇಟ್ಕೊಂಡಿದ್ದಿದ್ದು. ರದ್ದಿಗೆ ಹಾಕೋಕೆ ಮನಸ್ಸು ಬರ್ಲಿಲ್ಲ. ನೀವೇ ತಗೊಂಡೋಗಿ."

ಮೇಲಿದ್ದದ್ದೇ ಆ ಹಾಳೆ. ಪೆನ್ನಿನ ದಪ್ಪ ಅಕ್ಷರಗಳು ಮಸುಕಾಗಿರಲಿಲ್ಲ. ಮೂಲೆಯಲ್ಲಿ ಕೋಡಿ ಎಂದಿದ್ದುದಕ್ಕೆ ಒಂದು ಗೆರೆ ಎಳೆದು, ಪಕ್ಕದ ಬಿಳಿ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣಗೆ ತೂಬು ಎಂದು ಬರೆದಿದ್ದರು.

ಇನ್ನು ತಡೆಯಲಾಗಲಿಲ್ಲ. "ಸವಿತಾ, ನಿಮ್ಮಪ್ಪ ಬರೆದಿದ್ದೇ ಸರಿ. ಈ ಪದಬಂಧ ಮಾಡಿದ್ದು ನಾನು. ತಪ್ಪು ನಂದು. ಅವತ್ತೇ ಗೊತ್ತಿತ್ತು ನಂಗೆ."

ಅವಳು ಆಶ್ಚರ್ಯಪಡಲಿಲ್ಲ. ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದಳು.

"ನೀವು ಮಾಡೋದು ಅಂತ ಅಪ್ಪಂಗೆ ಮೊದಲಿಂದ್ಲೂ ಗೊತ್ತಿತ್ತು ಸಾರ್. ನಿಮ್ಮ ಕಸದಲ್ಲಿ ಚೌಕ ಹಾಕಿದ ಹಾಳೆಗಳು ಇರ್ತಿದ್ವಲ್ಲ. ಯಾರಿಗೂ ಹೇಳ್ಬೇಡ, ಅವರಿಗದು ಗುಟ್ಟಂತೆ ಅಂತಿದ್ರು. ಇದು ಬಂದಾಗ, ಮೇಲಿನ ಸಾರ್ ನನಗೋಸ್ಕರ ಮಾಡವ್ರೆ, ನನ್ನ ಮಾತೆಲ್ಲಾ ಹಾಕವ್ರೆ ಅಂತ ಹೇಳಿ, ಪೆನ್ನು ಕೊಡು ಅಂದ್ರು."

ಹಾಳೆಯನ್ನು ತೊಡೆಯ ಮೇಲಿಟ್ಟು ನೇವರಿಸಿದಳು.

"ಉತ್ತರ ಬಂದ ದಿನ ನಾನು ಅಂದೆ, ಅಪ್ಪಾ, ನೀನು ನೀರುಗಂಟಿ, ಹೋಗಿ ಕೇಳು ಅಂತ. ಹೋಗಿ ಬಂದ್ರು. ಬಂದು ಪೆನ್ಸಿಲ್ ತಗೊಂಡು ಹೊಡೆದಾಕಿದ್ರು. ಬೇರೆ ಯಾರಾದ್ರೂ ಬರ್ದಿದ್ರೆ ತಪ್ಪು ಅಂತಿದ್ದೆ ಕಣಮ್ಮ, ಸಾರ್ ಬರ್ದವ್ರೆ, ನನ್ನ ಬಾಯಿಂದಾನೇ ಕೇಳಿ ಬರ್ದವ್ರೆ, ತಪ್ಪಿದ್ರೆ ಹೇಳ್ದೆ ಇರ್ತಿದ್ರಾ ಅಂದ್ರು."

ಅವಳು ಹಾಳೆಯನ್ನು ಮಡಿಸಿ ಕಟ್ಟಿನ ಮೇಲಿಟ್ಟಳು. ಆಮೇಲೆ ಆ ಕಟ್ಟನ್ನು ನನಗೆ ಕೊಡದೆ ಒಳಗೆ ತೆಗೆದುಕೊಂಡು ಹೋದಳು. ನಾನು ಕಾಫಿ ಲೋಟವನ್ನು ತಿರುವಿನ ಮೆಟ್ಟಿಲ ಮೇಲಿಟ್ಟು ಹೊರಗೆ ಬಂದೆ. ಮಳೆ ನಿಂತು ಎರಡು ದಿನವಾಗಿದ್ದರೂ ಬೀದಿಯಲ್ಲಿ ನೀರು ಇನ್ನೂ ನಿಂತೇ ಇತ್ತು.